ಧಾರವಾಡದಾಗ ಒಂದು ತಾಸು ಬಿಸಿಲು ಬಿತ್ತಂದ್ರ ನೀವೇನು ಮಾಡ್ತೀರಿ?

ಮುಂಡರಗಿ ಮಗಳು:
ನಾ ಹುಟ್ಟಿ ಬೆಳದದ್ದು ಗದಗ ಜಿಲ್ಲಾ ಮುಂಡರಗಿ ಕಡೆ. ನಮ್ಮಲ್ಲಿ ಆಷಾಢ ಅಂದ್ರ ಗಾಳಿ. ಅರಿವಿ ಹರವಿದ್ರ ಅರ್ಧ ತಾಸಿನಾಗ ಒಣಗಿ, ಮಂದಿ ಮಾಳಗಿ ಮ್ಯಾಲೆ ಹೋಗಿ ಬಿದ್ದಿರ್ತಿದ್ವು. ಮೋಡ ಕಂಡ್ರ ಎಲ್ಲಾರೂ ಅಂಗಳಕ್ಕ ಬಂದು ಕತ್ತೆತ್ತಿ ನಿಲ್ತಿದ್ವಿ, ಅದು ಹಂಗ ಸರದು ಹೋಗ್ತಿತ್ತು.

ಹೋದ ವರ್ಷ ಮನಿಯವರಿಗೆ ಧಾರವಾಡಕ್ಕ ವರ್ಗ ಆತು. ಸಾಧನಕೇರಿ ಹತ್ರ ಬಾಡಗಿ ಮನಿ, ಇದು ಎರಡನೇ ಮಳಿಗಾಲ. ಧಾರವಾಡದ ಮಳಿನ್ನ ಎಲ್ಲಾರೂ ಹೊಗಳ್ತಾರ, ಗಿರ್ಮಿಟ್ಟು, ಮಿರ್ಚಿ, ಚಹಾ ಅಂತ. ಅರಿವಿ ಒಗ್ಯೋರನ್ನ ಯಾರೂ ಕೇಳಿಲ್ಲ ಅನಸ್ತೈತಿ. ಎಂಟು ದಿನ ಜಿಟಿಜಿಟಿ. ಕಪಾಟ ತೆಗದ್ರ ಮುಗ್ಗು ವಾಸನಿ. ಮಗನ ಸಾಲಿ ಸಾಕ್ಸು ಹಂಚಿನ ಮ್ಯಾಲೆ ಒಣಗಿಸೀನಿ (ರೊಟ್ಟಿ ಹಂಚಲ್ರಿ, ಹಳೇದು).

ನಿನ್ನೆ ಮಧ್ಯಾಹ್ನ ಒಮ್ಮೆಲೆ ಬಿಸಿಲು ಬಿತ್ತು. ಬಾಜೂಮನಿ ಅಜ್ಜಿ "ಹೊಳವಾತು!" ಅಂತ ಕೂಗಿದ್ರು. ಓಣಿ ತುಂಬ ಗಾದಿ, ಚಾದರ, ಶೇಂಗಾ ಹರವಿದ ಮೊರ. ನಾನೂ ಎದ್ದುಬಿದ್ದು ಎಲ್ಲಾ ಹೊರಗ ಹಾಕಿದೆ. ತಿರುಗಿ ನೋಡಿದ್ರ ಅಜ್ಜಿ ಏನಂದ್ರ ಏನೂ ಹಾಕಿರಲಿಲ್ಲ. ಕಟ್ಟಿ ಮ್ಯಾಲೆ ಕುಂತು ಎರಡೂ ಕಾಲು ಬಿಸಿಲಿಗೆ ಚಾಚಿದ್ರು, ಕಣ್ಣು ಮುಚ್ಚಿತ್ತು. ನಾನು ಮಾತ್ರ ಇಷ್ಟು ದಿನ ಬಿಸಿಲಂದ್ರ ಬರೇ ಅರಿವಿ ಲೆಕ್ಕಾನ ಹಾಕೀನಿ.

ನೀವು ಇಂಥಾ ತಾಸು ಹೆಂಗ ಕಳೀತೀರಿ?

ಸಪ್ತಾಪುರದ ಕಾಕಾ:
ತಂಗೀ, ಕೆಲಗೇರಿ ಕೆರಿಗೆ ಹೋಗು. ಏರಿ ಮ್ಯಾಲೆ ನಿಂತು ಪಡುವಣಕ್ಕ ನೋಡಿದ್ರ, ಮುಂದಿನ ಮಳಿ ಎಲ್ಲಿಗೆ ಬಂದದ ಅಂತ ಕಣ್ಣಿಗೇ ಕಾಣ್ತದ. ಘಟ್ಟ ಹತ್ತಿ ಬರೋ ಮೋಡ ಅಳ್ನಾವರದಾಗ ಸುರೀತದ, ನಮ್ಮಲ್ಲಿ ಹನಸ್ತದ, ಹುಬ್ಬಳ್ಳಿ, ಅಣ್ಣಿಗೇರಿ ದಾಟೂದ್ರಾಗ ಕೈ ಬರಿದು. ನಿಮ್ಮ ಗದಗಿಗೆ ಉಳಿಯೂದು ಗಾಳಿ ಅಷ್ಟs. ಸಣ್ಣಾಕಿದ್ದಾಗ ನೀ ನೋಡಿದ್ದು ಇದs ಮೋಡ, ನಾವು ಉಂಡು ಬಿಟ್ಟದ್ದು.

ಬಿಸಿಲಿಗೆ ಹೊಂಟಾಗ ಛತ್ರಿ ಮರೀಬ್ಯಾಡ. ನಾ ನಲವತ್ತು ವರ್ಷದಾಗ ಎಷ್ಟು ಸಲ ಮರತೀನೋ.

ಚಿಗರಿ ಪ್ರಯಾಣಿಕ:
ದಿನಾ ಹುಬ್ಬಳ್ಳಿಯಿಂದ ಬರ್ತೀನ್ರಿ. ಅಲ್ಲಿ ಬಿಸಿಲೈತಿ ಅಂತ ಬರಿಗೈಲೆ ಚಿಗರಿ ಬಸ್ ಹತ್ತಿದ್ರ, ನವಲೂರು ಬರೂದ್ರಾಗ ಕಿಡಕಿಗೆ ಹನಿ. ಇರೂದು 20 ಕಿಲೋಮೀಟರು! ನಾ ಬಿಸಿಲು ಅನುಭವಿಸೂದು ಬಸ್ಸಿನಾಗ, ಕಿಡಕಿ ಸೀಟು ಸಿಕ್ರ ಮಾತ್ರ.

ಎರಿಹೊಲದಾಂವ, ನವಲಗುಂದ:
ಅಕ್ಕಾರ, ನಿಮಗ ಹೊಳವು, ನಮಗ ವರಪು (ಮಳಿ ಬಿಡುವು). ಶ್ರಾವಣದಾಗ ಹೆಸರು ಕಾಯಿ ಒಣಗಿ ನಿಂತಿರ್ತಾವ. ಆಗ ಮಳಿ ಹಿಡೀತಂದ್ರ ಕಾಯಿ ಗಿಡದಾಗs ಮೊಳಕಿ ಒಡೀತಾವ. ಎರಿ ಮಣ್ಣು ಹಸಿ ಇದ್ರ ಕಾಲಿಡಾಕೂ ಆಗಂಗಿಲ್ಲ, ಕಟ್ಟಿ ಮ್ಯಾಲೆ ಕುಂತು ನೋಡೂದು. ಬಿಸಿಲು ಬಿತ್ತಂದ್ರ ಮುದುಕರು, ಹುಡುಗರು ಎಲ್ಲಾರೂ ಹೊಲಕ್ಕ, ಬುತ್ತಿ ಬಿಚ್ಚಾಕ ಪುರಸತ್ತಿರಂಗಿಲ್ಲ. ಕಾಲು ಚಾಚೂದು ನಮಗ ಒಗ್ಗಂಗಿಲ್ರಿ. ಆದ್ರ ಬಿಡಿಸಿದ ಕಾಯಿ ಕಣದಾಗ ಹರವಿದಾಗ, ಬಿಸಿಲು ಏರಿದಂಗ ಒಂದೊಂದs ಚಟ್ ಚಟ್ ಅಂತ ಸಿಡೀತಾವ. ಆ ಸಪ್ಪಳ ಕೇಳಕೋಂತ ಒಂದೆರಡು ನಿಮಿಷ ಸುಮ್ನ ನಿಲ್ತೀನಿ. ಹೋದ ವರ್ಷ ನಿಲ್ಲಾಕ ಆಗಿರಲಿಲ್ಲ, ಅರ್ಧಕ್ಕರ್ಧ ಕಪ್ಪಾಗಿ ಹೋಗಿತ್ತು.

ಮುಂಡರಗಿ ಮಗಳು:
ಕಾಕಾರ, ಇವತ್ತು ಮೂರೂವರಿಗೆ ಹೊಳವಾತು. ಗಾದಿ ಮಾಳಗಿ ಮ್ಯಾಲೆ ಬಿಟ್ಟು, ಮಗನ್ನ ಕರಕೊಂಡು ಕೆರಿಗೆ ಹೋದೆ. ನೀರು ತವರದ ತಗಡಿನಂಗ ಹೊಳೀತಿತ್ತು. ನೀವಂದಂಗ ಆ ದಂಡಿಗೆ ಮಳಿ ನಿಂತಿತ್ತು, ಬೂದಿ ಬಣ್ಣದ ಪರದಾ ಇಳೇಬಿಟ್ಟಂಗ. ಮಗ "ಬಾ, ಓಡೂಣು" ಅಂದ. ಇನ್ನೊಂದು ಸ್ವಲ್ಪ ಅಂತ ನಾನs ತಡದೆ.

ಗಾದಿ ತೊಯ್ದು ತೊಪ್ಪಡಿ ಆಗೇತಿ. ಮನಿಯವರು ಇನ್ನೂ ಬಂದಿಲ್ಲ.