ತೋಟದ ಶೆಡ್‌ಗೆ ಕಳ್ಳರ ಕಾಟ, ಏನು ಮಾಡಲಿ?

ಅಡಿಕೆ ತೋಟ, ಚನ್ನಗಿರಿ:
ಮೊನ್ನೆ ರಾತ್ರಿ ಪಂಪ್‌ಸೆಟ್ ಶೆಡ್‌ಗೆ ನುಗ್ಗಿ ಬೋರ್‌ವೆಲ್ ಕೇಬಲ್, ಅಡಿಕೆ ಕೊಯ್ಯುವ ಉದ್ದನೆ ಕೋಲು (ದೋಟಿ), ಔಷಧಿ ಹೊಡೆಯುವ ಪಂಪು ಎಲ್ಲಾ ಹೊತ್ತೊಯ್ದಿದ್ದಾರೆ. ಬೀಗ ಹಾಗೇ ಇದೆ, ಚಿಲಕದ ಸ್ಕ್ರೂಗಳನ್ನೇ ಬಿಚ್ಚಿದ್ದಾರೆ! ಹೊಟ್ಟೆ ಉರಿಯುತ್ತೆ. ದೊಡ್ಡ ಬೀಗ ತರಲಾ?

ಹೊಳಲ್ಕೆರೆ ರೈತ:
ಬೀಗಕ್ಕೆ ಸುಮ್ನೆ ದುಡ್ಡು ಹಾಕಬೇಡಿ ಅಣ್ಣ. ಸ್ಕ್ರೂ ತೆಗೆಸಿ ಬಾಗಿಲಿನ ಆಚೆಯಿಂದ ಈಚೆಗೆ ಬೋಲ್ಟ್ ಹಾಕಿಸಿ, ನಟ್ ಒಳಗಡೆ ಬರಲಿ, ಅದಕ್ಕೊಂದು ವೆಲ್ಡಿಂಗ್ ಹೊಡೆಸಿ. ಬಾಗಿಲಿನ ಕೀಲುಗಳಿಗೂ ಅಷ್ಟೇ.

ಮಾಯಕೊಂಡ:
ಕಳ್ಳರಿಗೆ ಬೇಕಿರುವುದು ಕೇಬಲ್ ಒಳಗಿನ ತಾಮ್ರ. ಸುಟ್ಟು ಗುಜರಿಗೆ ಹಾಕುತ್ತಾರೆ. ಹೊಸ ಕೇಬಲನ್ನು ಪೈಪಿನೊಳಗೆ ಹಾಕಿ ನೆಲದಲ್ಲಿ ಹೂಳಿ. ಔಷಧಿ ಪಂಪು ಸಂಜೆ ಮನೆಗೇ ತಂದುಬಿಡಿ. ಮೋಟಾರಿನ ಸೀರಿಯಲ್ ನಂಬರ್ ಫೋಟೋ ತೆಗೆದಿಡಿ. ಠಾಣೆಗೆ ದೂರು ಕೊಟ್ರಾ?

ಅಡಿಕೆ ತೋಟ, ಚನ್ನಗಿರಿ:
ಇಲ್ಲ, ನಾಳೆ ಬೆಳಿಗ್ಗೆಯೇ ಹೋಗುತ್ತೇನೆ. ವೆಲ್ಡಿಂಗ್‌ನವರಿಗೂ ಹೇಳಿದ್ದೇನೆ.