ಅಪ್‌ಡೇಟ್: ಎರಡನೇ ಕ್ಲಾಸಿನ ಹುಡುಗನಿಗೆ ‘ಮುಂದಿನ ಸೂಚನೆವರೆಗೆ ಬರಬೇಡ’ ಎಂದದ್ದು

ಸಹಪಾಠಿಗೆ ಕತ್ತರಿ ಎಸೆದ ಅಂತ, ಉಳಿದ ಮಕ್ಕಳ ಸುರಕ್ಷತೆಯ ಹೆಸರಲ್ಲಿ ಶಾಲೆಯವರು ಮನೆಯಲ್ಲೇ ಕೂರಿಸಿದ್ದ ಹುಡುಗ, ಏನು ಮಾಡೋದು ಅಂತ ಇಲ್ಲಿ ಕೇಳಿದ್ದೆನಲ್ಲ, ಸೋಮವಾರದಿಂದ ಕ್ಲಾಸಿಗೆ ಹೋಗ್ತಿದ್ದಾನೆ.

ಕೆಲಸಕ್ಕೆ ಬಂದದ್ದು ಆಗ ನೀವು ಕೊಟ್ಟ ‘ಬರಹದಲ್ಲಿ ಕೇಳಿ’ ಅನ್ನೋ ಸಲಹೆ. ಕಾರಣ, ಶುರುವಾದ ದಿನ, ವಾಪಸ್ ಸೇರಿಸುವ ದಿನ ಕೇಳಿ ಮುಖ್ಯಶಿಕ್ಷಕರಿಗೆ ಪತ್ರ ಕೊಟ್ಟು, ಪ್ರತಿಗೆ ಸೀಲು, ತಾರೀಖು ಹಾಕಿಸಿದ್ದು. ಫೋನು, ವಾಟ್ಸಾಪ್ ಮಾತುಕತೆಯಿಂದ ಏನೂ ಆಗಲಿಲ್ಲ.

ಅಚ್ಚರಿ ಅಂದ್ರೆ, 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಎಂಟನೇ ತರಗತಿ ಮುಗಿಯೋವರೆಗೆ ಮಗುವನ್ನು ಹೊರಹಾಕಬಾರದು ಅನ್ನುತ್ತೆ, ಸಸ್ಪೆನ್ಷನ್ ಬಗ್ಗೆ ತುಟಿಪಿಟಕ್ ಅನ್ನಲ್ಲ. ಆದರೆ ಕೊನೆಯ ದಿನಾಂಕವೇ ಇಲ್ಲದ ‘ಬರಬೇಡ’ ಹೊರಹಾಕಿದಂತೆಯೇ ಅಂತ ವಾದಿಸಬಹುದು. ಪತ್ರದಲ್ಲಿ ಒತ್ತಿ ಬರೆದದ್ದೂ ಅದನ್ನೇ. ಈಗ ಕತ್ತರಿ ಟೀಚರ್ ಬಳಿ, ಅವನು ಮುಂದಿನ ಬೆಂಚಲ್ಲಿ.

ಶಾಲೆ ಬಗ್ಗದಿದ್ದರೆ ಅದೇ ಕಾಯ್ದೆಯ 32ನೇ ಸೆಕ್ಷನ್ ಅಡಿ ಸ್ಥಳೀಯ ಪ್ರಾಧಿಕಾರಕ್ಕೆ (ಪಂಚಾಯಿತಿ, ನಗರಸಭೆಯಂಥದ್ದು) ಲಿಖಿತ ದೂರು ಕೊಡಿ, 3 ತಿಂಗಳೊಳಗೆ ತೀರ್ಮಾನಿಸಬೇಕು. ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಯಾದರೆ ಈ ದಾರಿ ಇಲ್ಲ.