ಅಪ್ಪನಿಗೆ 78, ಬಿದ್ದು ತೀವ್ರ ಪೆಟ್ಟು: ಐಸಿಯು ದಾಟಿದ ಮೇಲೆ ಹೇಗೆ? ಅನುಭವ ಇದ್ದವರು ಹೇಳಿ

ಪ್ರಶ್ನೆ: ಮೆಟ್ಟಿಲಲ್ಲಿ ಜಾರಿ ಪಕ್ಕೆಲುಬು, ಸೊಂಟದ ಮೂಳೆ ಮುರಿದಿದೆ, ತಲೆಯೊಳಗೂ ರಕ್ತಸ್ರಾವ ಆಗಿತ್ತು. ವೆಂಟಿಲೇಟರ್ ತೆಗೆದಿದ್ದಾರೆ. ಮನೆಗೆ ಕರ್ಕೊಂಡು ಬರೋದಾ, ಪುನರ್ವಸತಿ ಕೇಂದ್ರಕ್ಕೆ ಸೇರಿಸೋದಾ? ಇಷ್ಟು ಪೆಟ್ಟು ತಿಂದವರು ಈ ವಯಸ್ಸಲ್ಲಿ ವರ್ಷಗಟ್ಟಲೆ ಬದುಕಿದ್ದು ನೋಡಿದ್ದೀರಾ?

ಅಮ್ಮನ ಮಗಳು: ನೋಡಿದ್ದೀನಿ, ನಮ್ಮಮ್ಮನೇ ಇದ್ದಾರೆ. ಮೂಳೆ ಬಗ್ಗೆ ಎಲ್ಲರೂ ಮಾತಾಡ್ತಾರೆ, ನಮ್ಮ ಜೀವ ಹಿಂಡಿದ್ದು ಕಫ. ಪಕ್ಕೆ ನೋವಿಗೆ ಹೆದರಿ ಕೆಮ್ಮೋದೇ ಬಿಟ್ಟರು, ನ್ಯುಮೋನಿಯಾ ಆಯ್ತು. 65 ದಾಟಿದವರಲ್ಲಿ ಮುರಿದ ಪಕ್ಕೆಲುಬು ಒಂದೊಂದು ಹೆಚ್ಚಾದಂತೆ ಸಾವಿನ ಅಪಾಯ ಸುಮಾರು 19%, ನ್ಯುಮೋನಿಯಾ ಅಪಾಯ 27% ಏರುತ್ತೆ ಅಂತ 2000ದಲ್ಲೇ ಒಂದು ಅಧ್ಯಯನ ಬಂದಿದೆ. ಬೆನ್ನಲ್ಲಿ ಸಣ್ಣ ನಳಿಕೆ ಇಟ್ಟು ನೋವಿನ ಔಷಧಿ ಕೊಡೋ ಎಪಿಡ್ಯೂರಲ್ ಹಾಕಲೇಬೇಕು ಅಂತ ಹಟ ಹಿಡಿದವಳು ನಾನು. ನೋವು ಇಳಿದ ಮೇಲೇ ಅಮ್ಮ ಉಸಿರೆಳೆದು ಸ್ಪೈರೋಮೀಟರಿನ (ಉಸಿರಾಟದ ವ್ಯಾಯಾಮದ ಉಪಕರಣ) ಚೆಂಡು ಎತ್ತಿದ್ದು. ಅಷ್ಟಕ್ಕೆ ಮುಗೀಲಿಲ್ಲ. ನುಂಗೋಕಾಗದೆ ಮೂಗಿಗೆ ಟ್ಯೂಬ್, ರಾತ್ರಿ ಭ್ರಮೆಯಲ್ಲಿ ಅದನ್ನ ಕಿತ್ತುಹಾಕೋದು, ಮತ್ತೆ ಹಾಕಿಸೋದು, ಮತ್ತೆ ಜ್ವರ. ಖರ್ಚೂ ಡಿಸ್ಚಾರ್ಜ್ ಆದ ಮೇಲೇ ಶುರು: ಏರ್ ಬೆಡ್, ಕಫ ಎಳೆಯೋ ಸಕ್ಷನ್ ಮಷಿನ್ ಬಾಡಿಗೆ, ಡೈಪರ್, ಫಿಸಿಯೋ, ರಾತ್ರಿ ನರ್ಸ್. ವಿಮೆ ಇದ್ಯಾವುದಕ್ಕೂ ಬರಲಿಲ್ಲ.

ಹಿರಿಮಗ: ಕೇಂದ್ರದ ಮಾತೇ ಬೇಡ. ಅಪ್ಪನನ್ನ ಅಲ್ಲಿ ಮಲಗಿಸಿದಲ್ಲೇ ಬಿಟ್ಟಿದ್ರು. ಹಿಮ್ಮಡಿಯಲ್ಲಿ ಕೆಂಪು ಕಲೆ, ಬೆರಳಿಂದ ಒತ್ತಿದರೂ ಬಿಳಿಚಿಕೊಳ್ಳುತ್ತಿರಲಿಲ್ಲ. ನೋಡ್ತಾ ನೋಡ್ತಾ ಕಪ್ಪಾಗಿ ಹುಣ್ಣಾಯ್ತು. ಸತ್ತ ಚರ್ಮ ಕೆರೆದು ತೆಗೆಯೋವಾಗ ಆ ಮನುಷ್ಯ ಕಿರುಚಿದ್ದು ಇನ್ನೂ ಕಿವೀಲಿದೆ. ಮನೆಗೆ ತಂದು ನಾನೇ ಕೂರಿಸಿದೆ, ನಿಲ್ಲಿಸಿದೆ. ಸೊಂಟ ಮುರಿದ ವಯಸ್ಸಾದವರಲ್ಲಿ ಐದರಲ್ಲೊಬ್ಬರಾದರೂ ವರ್ಷದೊಳಗೆ ಹೋಗ್ತಾರೆ ಅಂತ ಹೆದರಿಸಿದ್ರು. ಅಪ್ಪ ಈಗ ವಾಕರ್ ಹಿಡ್ಕೊಂಡು ಬಚ್ಚಲಿಗೆ ತಾವೇ ಹೋಗ್ತಾರೆ.

ಸೊಸೆ: ಹಿರಿಮಗನವರೇ, ನಿಮಗೆ ಕೆಟ್ಟದ್ದು ಸಿಕ್ತು ಅಂತ ಎಲ್ಲ ಕೇಂದ್ರಕ್ಕೂ ಮಸಿ ಬಳಿಯಬೇಡಿ. 84ರ ನಮ್ಮ ಮಾವನವರು ಮತ್ತೆ ಕಾಲೂರಿದ್ದೇ ಅಲ್ಲಿ. ಬೀಳೋ ಮುಂಚೆ ಅವರು ಗಟ್ಟಿಮುಟ್ಟಾಗಿ ಓಡಾಡ್ತಿದ್ರು. ಅವರಿಗಿಂತ ಚಿಕ್ಕವರು, ಪೆಟ್ಟೂ ಕಡಿಮೆ, ಆದರೆ ಮೊದಲೇ ಸೊರಗಿದ್ದ ಅವರ ತಮ್ಮ ವರ್ಷ ತುಂಬೋಕೆ ಮುಂಚೆ ಹೋಗಿಬಿಟ್ಟರು. ವಯಸ್ಸಿಗಿಂತ ಬೀಳೋ ಮುಂಚೆ ಎಷ್ಟು ಗಟ್ಟಿಯಿದ್ರು ಅನ್ನೋದನ್ನ ನೋಡಬೇಕು. ಮನೆ ಮನೆ ಅಂತೀರಲ್ಲ, ಬಟ್ಟೆ ಒಗೆದು ಮೈ ಒರೆಸಿದ್ದು ಯಾರು? ನಿಮ್ಮ ಹೆಂಡತಿ ತಾನೇ?

ಹಿರಿಮಗ: ನನ್ನ ಹೆಂಡತಿ ಸುದ್ದಿ ನಿಮಗೆ ಬೇಡ. ರಾತ್ರಿಯೆಲ್ಲ ಎದ್ದೆದ್ದು ಮಗ್ಗುಲು ಬದಲಾಯಿಸಿದ್ದು ನಾನು. ಕೆಲಸ ಬಿಟ್ಟಿದ್ದೂ ನಾನು.

ಅಮ್ಮನ ಮಗಳು: ನಿಮ್ಮ ಜಗಳ ಆಮೇಲಿರಲಿ. ತಲೆಗೆ ಪೆಟ್ಟು ಅಂದ್ರಲ್ಲ, ರಕ್ತ ತೆಳುವಾಗೋ ಮಾತ್ರೆ ತಗೋತಿದ್ರಾ? ವಾರಗಳು ಕಳೆದ ಮೇಲೂ ಮಂಪರು, ಒಂದು ಕಾಲು ಎಳೆಯೋದು ಕಂಡ್ರೆ ವಯಸ್ಸಾಯ್ತು ಅಂತ ಸುಮ್ಮನಿರಬೇಡಿ, ಮತ್ತೆ ತಲೆಯ ಸಿಟಿ ಸ್ಕ್ಯಾನ್ ಮಾಡಿಸಿ. ಸಬ್‌ಡ್ಯೂರಲ್ (ಮೆದುಳಿನ ಹೊರಪೊರೆಯ ಕೆಳಗಿನ) ರಕ್ತ ನಿಧಾನಕ್ಕೆ ಸೇರಿಕೊಳ್ಳುತ್ತೆ.

ಸೊಸೆ: ಇಂಥದ್ದು ಓದಿಯೇ ನಮ್ಮ ನಾದಿನಿ ಯಾರನ್ನೂ ಕೇಳದೆ ಮಾತ್ರೆ ನಿಲ್ಲಿಸಿದ್ದು. ಮಾವನವರ ಕಾಲಲ್ಲಿ ರಕ್ತ ಹೆಪ್ಪುಗಟ್ಟಿ ಮತ್ತೆ ಆಸ್ಪತ್ರೆ.

ಅಮ್ಮನ ಮಗಳು: ನಿಲ್ಲಿಸಿ ಅಂತ ನಾನೆಲ್ಲಿ ಹೇಳಿದೆ? ನಾದಿನಿ ಮೇಲಿನ ಸಿಟ್ಟು ನನ್ನ ಮೇಲೆ ತೀರಿಸಬೇಡಿ.